ಬಾಯಿ ಒಣಗಿದಾಗ

ಉಗುಳಿಗೆ ನನಗೆ ಗೊತ್ತಿರುವ ಎರಡೂ ಭಾಷೆಗಳಲ್ಲಿ ಮರ್ಯಾದೆ ಕಡಿಮೆ. ಕನ್ನಡದಲ್ಲಿ ಜೊಲ್ಲು, ಎಂಜಲು, ಉರ್ದುವಿನಲ್ಲಿ ಥೂಕ್. ಲಾಲಾರಸ, ಲುಆಬ್ ಎಂಬ ಗೌರವದ ಪದಗಳು ಪುಸ್ತಕದಲ್ಲೇ ಉಳಿದಿವೆ. ಅದರ ಬೆಲೆ ತಿಳಿದದ್ದು ಅಮ್ಮಿಯ ಬಾಯಲ್ಲಿ ಅದು ಬತ್ತಿದಾಗ.

ಅಮ್ಮಿಗೆ ಎಪ್ಪತ್ತು ದಾಟಿದೆ. ಸಕ್ಕರೆ ಕಾಯಿಲೆ, ಹಲ್ಲುಸೆಟ್, ಜೊತೆಗೆ ಮೈ ತುರಿಕೆಗೆಂದು ದಿನಾ ರಾತ್ರಿ ನುಂಗುವ ಅಲರ್ಜಿ ಮಾತ್ರೆ. ಮೊದಲು ರೊಟ್ಟಿ ಗಂಟಲಿಗೆ ಇಳಿಯುತ್ತಿಲ್ಲ ಎಂದಳು. ಆಮೇಲೆ ಸಾರಿನ ಖಾರ ಉರಿಯತೊಡಗಿತು. ನಾಲಿಗೆಯ ಮೇಲೆ, ಕೆನ್ನೆಯ ಒಳಗೆ ಒಡೆದ ಮೊಸರಿನಂಥ ಬಿಳಿ ಪದರ. ಮೊಮ್ಮಕ್ಕಳಿಗೆ ಹತ್ತೀತೆಂದು ಆಕೆ ದಸ್ತರ್‌ಖಾನಿಗೆ ಬರುವುದನ್ನೇ ಬಿಟ್ಟಳು. ಅಡುಗೆಮನೆಯ ಮೂಲೆಯಲ್ಲಿ ಬೇರೆ ತಟ್ಟೆ, ಬೇರೆ ಲೋಟ. ಎಂಜಲೆಂಬ ಮಾತು ಈ ನಾಡಿನಲ್ಲಿ ಎಷ್ಟು ಜನರನ್ನು ದೂರ ಕೂರಿಸಿದೆಯೋ! ಯಾರೂ ಹೇಳದೆಯೇ ಅಮ್ಮಿ ತನ್ನನ್ನು ತಾನೇ ದೂರ ಕೂರಿಸಿಕೊಂಡಿದ್ದಳು.

"ಮಕ್ಕಳಿಗೆ ಬರುತ್ತದೇನು ತಾಯೀ?" ಎಂದು ದಂತವೈದ್ಯೆಯನ್ನು ಮೊದಲು ಕೇಳಿದ್ದೂ ಅದನ್ನೇ.

"ಹೆದರಬೇಡಿ ಅಮ್ಮಾ. ಇದು ನಿಮ್ಮ ಬಾಯಲ್ಲೇ ಇದ್ದದ್ದು. ಕಾವಲಿಗಿದ್ದ ಉಗುಳು ಕಡಿಮೆಯಾಗಿದೆ, ಅಷ್ಟೆ."

ಕ್ಯಾಂಡಿಡಾ ಎಂಬ ಈ ಶಿಲೀಂಧ್ರ ಆರೋಗ್ಯವಂತರಾದ ಎಷ್ಟೋ ಜನರ ಬಾಯಲ್ಲಿ ತಣ್ಣಗೆ ಇರುತ್ತದೆ. ದಿನಕ್ಕೆ ಅರ್ಧದಿಂದ ಒಂದೂವರೆ ಲೀಟರಿನಷ್ಟು ಸುರಿಯುವ ಉಗುಳು, ನಾವು ನುಂಗಿದಾಗಲೆಲ್ಲ ಅದನ್ನೂ ತೊಳೆದು ಹೊಟ್ಟೆಗೆ ಒಯ್ಯುತ್ತದೆ. ಉಗುಳಿನ ಲೋಳೆಯಲ್ಲಿರುವ ಮ್ಯೂಸಿನ್, ದುಂಡಗಿನ ಶಿಲೀಂಧ್ರ ಎಳೆಯಾಗಿ ಚಾಚಿ ಚರ್ಮಕ್ಕೆ ಬೇರಿಳಿಸದಂತೆ ನೋಡಿಕೊಳ್ಳುತ್ತದೆ. ಲ್ಯಾಕ್ಟೋಫೆರಿನ್ ಅದಕ್ಕೆ ಬೇಕಾದ ಕಬ್ಬಿಣವನ್ನು ಕಸಿಯುತ್ತದೆ. ಹಿಸ್ಟಾಟಿನ್ 5 ಎಂಬುದು ಬರೀ 24 ಅಮೈನೋ ಆಮ್ಲಗಳ ತುಣುಕು. ಶಿಲೀಂಧ್ರದ ಕೋಶದೊಳಗೇ ನುಗ್ಗಿ ಕೊಲ್ಲುತ್ತದೆ. ಇಷ್ಟಾದರೂ ಕ್ಯಾಂಡಿಡಾ ನಿರ್ವಂಶವಾಗುವುದಿಲ್ಲ, ಹದ್ದಿನಲ್ಲಿರುತ್ತದೆ.

ಅಮ್ಮಿಯಲ್ಲಿ ಕಾವಲು ಎಲ್ಲ ಕಡೆಯಿಂದಲೂ ಸಡಿಲಿತ್ತು. ಹಳೆಯ ಬಗೆಯ ಅಲರ್ಜಿ ಮಾತ್ರೆಗಳು ಬಾಯನ್ನು ಒಣಗಿಸುತ್ತವೆ. ಸಕ್ಕರೆ ಏರಿದರೆ ಉಗುಳಿನಲ್ಲೂ ಏರಿ ಶಿಲೀಂಧ್ರಕ್ಕೆ ಊಟವಾಗುತ್ತದೆ. ನಿದ್ದೆಯಲ್ಲಿ ಉಗುಳು ಊರುವುದೇ ಕಡಿಮೆ. ಅಂಥ ಹೊತ್ತಿನಲ್ಲೂ ಅಮ್ಮಿ ಹಲ್ಲುಸೆಟ್ ತೆಗೆಯುತ್ತಿರಲಿಲ್ಲ. ಬೊಚ್ಚುಬಾಯಿ ಯಾರಾದರೂ ನೋಡಿಯಾರೆಂಬ ನಾಚಿಕೆ. ಸೆಟ್ಟಿನಡಿಯ ಅಂಗುಳಿಗೆ ಉಗುಳು ಸರಿಯಾಗಿ ತಲುಪುವುದಿಲ್ಲ.

ಬಾಯಿಗೆ ಹಚ್ಚುವ ಔಷಧಿ ಕೊಟ್ಟರು. ತುರಿಕೆಯ ಮಾತ್ರೆಯನ್ನು ಅದನ್ನು ಬರೆದ ಡಾಕ್ಟರೇ ಬದಲಾಯಿಸಿದರು. ಉಬ್ಬಸಕ್ಕೆ ಸ್ಟಿರಾಯ್ಡ್ ಇನ್‌ಹೇಲರ್ ಎಳೆಯುವ ನನ್ನ ತಮ್ಮನಿಗೂ, ಪ್ರತಿ ಸಲ ಬಾಯಿ ಮುಕ್ಕಳಿಸು ಎಂಬ ಬುದ್ಧಿಮಾತು ಸಿಕ್ಕಿತು.

ಎರಡು ವಾರದಲ್ಲಿ ಬಿಳಿ ಪದರ ಹೋಯಿತು. ಈಗ ಹಲ್ಲುಸೆಟ್ ರಾತ್ರಿಯೆಲ್ಲ ನೀರಿನ ಬಟ್ಟಲಲ್ಲಿರುತ್ತದೆ. ಅದನ್ನು ನೋಡಲು ಮೊಮ್ಮಕ್ಕಳು ನೂಕಾಡುತ್ತಾರೆ, ಅಮ್ಮಿ ಬೊಚ್ಚುಬಾಯಲ್ಲೇ ಗದರುತ್ತಾಳೆ. ದಸ್ತರ್‌ಖಾನಿಗೂ ಬರುತ್ತಾಳೆ. ಬೇರೆ ಲೋಟವನ್ನು ಮಾತ್ರ ಇನ್ನೂ ಬಿಟ್ಟಿಲ್ಲ.