ಎಡಗೈ ಸುರ ಬಲಗೈಗಿ ಕೊಟ್ರ ಮೋಸ ಏನು?

ಅಕ್ಕಗೋಳೇ, ದಸರಾ ಸೂಟಿಗಿ ಬೆಂಗಳೂರಿಂದ ಸುರಪುರಕ್ಕ ಬಂದ ನಮ್ಮ ಮೊಮ್ಮಗಳು ಕೀಬೋರ್ಡ್ ಸೈತ ತಂದಿದ್ಲು. ಹತ್ತು ವರ್ಷದ ಕೂಸು, ಪಿಯಾನೋ ಕ್ಲಾಸಿಗಿ ಹೋಗ್ತಾಳ. ಒಂದಿನ ನುಡಿಸ್ಲಾಕ ಕುಂತಾಕಿ ಅಳ್ಲಾಕ ಸುರು ಮಾಡಿದ್ಲು. ಎಡಗೈಲೆ ಎರಡು ಸುರ ಕೂಡೇ ಒತ್ತಬೇಕು. ಆ ಎರಡೂ ಸೇರಿಸಿ ಎಣಿಸಿದ್ರ ಹತ್ತು ಬಿಳಿ ಕೀ. ಆಕಿ ಕೈ ಎಂಟಕ್ಕೇ ಮುಗೀತದ.

"ಮೇಲಿನ ಸ್ವರ ಬಲಗೈ ಹೆಬ್ಬೆರಳಲ್ಲಿ ಒತ್ತು ಅಂತಾರೆ ಮಿಸ್. ಬುಕ್ಕಲ್ಲಿ ಎಡಗೈಗೆ ಬರೆದಿದೆ. ಮೋಸ ಅಲ್ವಾ ಅಜ್ಜಿ?"

ನನಗ ಗೊತ್ತಿದ್ದದ್ದು ಭಜನಿ ಪೇಟಿ. ಎಡಗೈ ಗಾಳಿ ಹಾಕ್ತದ, ಸುರ ಎಲ್ಲಾ ಬಲಗೈಗೇ. ನಾಟಕ ಕಂಪನಿ ಕಾಲುಪೇಟಿ ಬ್ಯಾರೆ. ಗಾಳಿ ಕಾಲಿಲೆ ತುಳಿತಾರ, ಎರಡೂ ಕೈ ಸುರಕ್ಕ ಸಿಗ್ತಾವ. ಪಿಯಾನೋದಾಗೂ ಎರಡೂ ಕೈ ಸುರಕ್ಕೇ ಅದಾವ, ಹಂಚಿಕೊಂಡ್ರ ಏನಾತು ಅಂದೆ.

ಸಂಜಿಗಿ ಮಿಸ್ಸು ಫೋನಿನಾಗ ಬಿಡಿಸಿ ಹೇಳಿದ್ರು. ಮ್ಯಾಲಿನ ಐದು ಗೆರಿ ಬಲಗೈಗಿ, ಕೆಳಗಿನವು ಎಡಗೈಗಿ ಅಂಬೋದು ರೂಢಿ. ಕೆಲವು ಪುಸ್ತಕದಾಗ ಎಂ.ಡಿ., ಎಂ.ಜಿ. ಅಂತ ಅವರೇ ಕೈ ಬದಲ್ಸಿ ಬರದಿರ್ತಾರ. ಫ್ರೆಂಚಿನಾಗ ಬಲಗೈ, ಎಡಗೈ ಅಂತ. ಆದ್ರ ಹೆಬ್ಬಟ್ಟು ದಪ್ಪ ಬಟ್ಟು. ಜೋರ್ ಒತ್ತಿದ್ರ ಆ ಸುರ ಒಂದೇ ಕಿರಚ್ತದ. ಎಡಗೈನೇ ನುಡಿಸ್ದಂಗ ಮೆತ್ತಗ ಕೇಳಬೇಕಂತ. ಎಲ್ಲಾ ಕಡಿ ಹಂಚಂಗೂ ಇಲ್ಲ. ಬೀಥೋವನ್ 1822ರಾಗ ಮುಗಿಸಿದ ಕಡೀ ಸೊನಾಟಾದ ಸುರುವಿಗೇ ಎಡಗೈ ದೊಡ್ಡ ಜಿಗಿತ ಜಿಗೀಬೇಕು. ಆ ಅಂಜಿಕಿನೇ ಅದರ ರುಚಿ ಅಂತ ಒಂದೇ ಕೈಲೆ ನುಡಸೋರು ಭಾಳ ಮಂದಿ ಅದಾರಂತ.

ರಾತ್ರಿ ನನಗ ನಿದ್ದಿ ಬರ್ಲಿಲ್ಲ. ಚಿಕೂನ್‌ಗುನ್ಯಾ ಬಂದು ಹೋದಾಗಿಂದ ನನ್ನ ಬಲ ಮುಂಗೈ ಹಿಡಕೊಂಡದ. ಆದ್ರೂ ಜೋಳದ ಹಿಟ್ಟು ನಾದೋದು, ರೊಟ್ಟಿ ಬಡಿಯೋದು, ಬೇಯಿಸೋದು ಎಲ್ಲಾ ನಾನೇ. ಬಿಟ್ಟುಕೊಟ್ರ ಮನ್ಯಾಗ ನನ್ನ ಜಾಗ ಹೋಗ್ತದಂತ ಒಳಗೊಳಗ ಅಂಜಿಕಿ. ಕೈ ಹಿಡಕೊಂಡು ಅತ್ತದ್ದು ಯಾರಿಗೂ ಹೇಳಿದ್ದಿಲ್ಲ, ಇವತ್ತ ನಿಮಗ ಹೇಳ್ಲಾಕತ್ತೀನಿ.

ಮರುದಿನ ಹಿಟ್ಟು ನಾದೋದು ಮಗಗ ಕೊಟ್ಟೆ. ಸೊಸಿ ಹಂಚಿನ ಮುಂದ ಕುಂತ್ಲು. ಬಡಿಯೋದು ಮಾತ್ರ ನಾ ಬಿಡಲಿಲ್ಲ. ಮದಲ ದಿನ ಹಿಟ್ಟು ಗಟ್ಟಿ ಆಗಿ ಅಂಚೆಲ್ಲಾ ಸೀಳಿದ್ವು. ಮಗಗ ಬಿಸಿನೀರಿನ ಅಂದಾಜು ಹೇಳ್ಕೊಟ್ಟೆ. ನಾಕನೇ ದಿನ ನಮ್ಮ ಮನಿಯವ್ರು ಉಣ್ಣುವಾಗ, "ಇವತ್ತ ರೊಟ್ಟಿ ಭಾಳ ಮೆತ್ತಗ ಆಗ್ಯಾವಲ್ಲ" ಅಂದ್ರು. ಮಗ ನನ್ನ ಕಡಿ ನೋಡಿ ನಕ್ಕ.

ಕೂಸಿಗಿ ಆ ಸುರ ಇನ್ನೂ ಒಂದೊಂದ್ಸಲ ಕಿರಚ್ತದ. ದಿನಾ ಕುಂತು ನುಡಸ್ತಾಳ. ನೀವೂ ಕೈ ನೋಯ್ಲಾಕತ್ತಿದ್ರ ಸುಮ್ಮ ಕುಂಡ್ರಬ್ಯಾಡ್ರಿ, ಮನ್ಯಾಗ ಬಾಯಿ ಬಿಟ್ಟು ಹೇಳ್ರಿ.