ಪ್ರಯಾಣದ ಉದ್ದೇಶ

ಸರ್ಕಾರಿ ನೌಕರನ ಪ್ರವಾಸ ಭತ್ಯೆಯ ಬಿಲ್ಲಿನಲ್ಲಿ ಒಂದು ಕಾಲಂ ಇರುತ್ತದೆ: ಪ್ರಯಾಣದ ಉದ್ದೇಶ. ಹೊರಟ ಸಮಯ, ತಲುಪಿದ ಸಮಯ, ಕ್ರಮಿಸಿದ ದೂರ ಎಲ್ಲವನ್ನೂ ತುಂಬಿ ಇದೊಂದನ್ನು ಖಾಲಿ ಬಿಟ್ಟರೆ ಬಿಲ್ಲು ಆಕ್ಷೇಪಣೆಯೊಡನೆ ಮರಳುತ್ತದೆ. ಎರಡು ದಶಕ ಇಂಥ ಬಿಲ್ಲುಗಳ ನಡುವೆ ಬದುಕಿದವನಿಗೆ ಕಾರಣವಿಲ್ಲದೆ ಮನೆಯಿಂದ ಹೊರಬೀಳುವುದು ಸುಲಭವಲ್ಲ. ಕಳೆದ ಫೆಬ್ರವರಿಯಲ್ಲಿ ಮತ್ತೆ ಸೈಕಲ್ ಕೊಂಡಾಗ ನನಗೆ ಎದುರಾದ ದೊಡ್ಡ ತೊಡಕು ಇದೇ. ಮೊಣಕಾಲಿನದು ಆಮೇಲಿನ ಮಾತು.

ಹಿಂದೆ ಸೈಕಲ್ ತುಳಿದದ್ದು ಧಾರವಾಡದಲ್ಲಿ, ಇಂಗ್ಲಿಷ್ ಎಂ.ಎ. ಓದುವಾಗ. ಕರ್ನಾಟಕ ವಿಶ್ವವಿದ್ಯಾಲಯವಿರುವುದು ಛೋಟಾ ಮಹಾಬಳೇಶ್ವರ ಗುಡ್ಡದ ಮೇಲೆ. ಸಪ್ತಾಪುರದ ಬಾಡಿಗೆ ಕೋಣೆಯಿಂದ ಹೊರಟರೆ ಏರುದಾರಿ, ಕೈಯಲ್ಲಿ ಗೇರಿಲ್ಲದ ಅಟ್ಲಾಸ್. ಸೀಟು ಬಿಟ್ಟೆದ್ದು, ಇಡೀ ದೇಹದ ಭಾರವನ್ನು ಒಂದೊಂದು ಪೆಡಲಿನ ಮೇಲೂ ಹಾಕುತ್ತ ಹತ್ತಬೇಕು. ಷೇಕ್ಸ್‌ಪಿಯರನ ತರಗತಿಗೆ ನಾನು ತಲುಪುತ್ತಿದ್ದುದು ಬೆನ್ನಿಗಂಟಿದ ಅಂಗಿಯೊಡನೆ. ಆದರೂ ಅದನ್ನು ವಿಹಾರವೆನ್ನಲಾಗದು. ಬಸ್ಸಿನ ದುಡ್ಡು ಉಳಿಸುವ ಉಪಾಯವಾಗಿತ್ತು ಅದು. ನೌಕರಿ ಸಿಕ್ಕು ದೆಹಲಿಗೆ ಬಂದೆ, ಸೈಕಲ್ ಊರಿಗೆ ಹೋಯಿತು. ನಡುವೆ 22 ವರ್ಷ ಕಳೆದವು.

ಒಮ್ಮೆ ಕಲಿತ ಸೈಕಲ್ ಮರೆಯುವುದಿಲ್ಲ ಎನ್ನುತ್ತಾರೆ. ಅದು ಅರ್ಧ ನಿಜ. ಸಮತೋಲ ಮರೆತಿರಲಿಲ್ಲ, ಆರ್.ಕೆ. ಪುರಂನ ನಮ್ಮ ಕ್ವಾರ್ಟರ್ಸಿನ ಮುಂದೆ ಎರಡನೆಯ ಸುತ್ತಿಗೇ ಅದು ಮರಳಿ ಬಂತು. ಮರೆತಿದ್ದವು ತೊಡೆಗಳು, ಶ್ವಾಸಕೋಶಗಳು, ಮತ್ತು ಸೀಟಿನ ಮೇಲೆ ಊರುವ ಆ ಎರಡು ಮೂಳೆಗಳು. ಮೂಳೆಗಳ ದೂರು ಎರಡು ವಾರದಲ್ಲಿ ತಾನೇ ಅಡಗಿತು. ಮೊಣಕಾಲಿನದು ಅಡಗಲಿಲ್ಲ. ಅಂಗಡಿಯವನು ಎರಡೂ ಕಾಲು ನೆಲಕ್ಕೆ ತಾಗುವಷ್ಟು ಸೀಟು ತಗ್ಗಿಸಿಕೊಟ್ಟಿದ್ದ. ಪೆಡಲು ಕೆಳತುದಿಯಲ್ಲಿದ್ದಾಗ ಅದರ ಮೇಲೆ ಹಿಮ್ಮಡಿಯಿಟ್ಟರೆ ಕಾಲು ನೇರವಾಗಬೇಕು, ಆಗ ಸೀಟಿನ ಎತ್ತರ ಹೆಚ್ಚುಕಡಿಮೆ ಸರಿ ಎಂದು ಕಾಲೊನಿಯ ಹುಡುಗನೊಬ್ಬ ತೋರಿಸಿಕೊಟ್ಟ. ಎರಡು ಇಂಚು ಏರಿಸಿದೆ. ಏರು ಬರುವ ಮೊದಲೇ ಹಗುರ ಗೇರಿಗೆ ಇಳಿದು, ಬಲಪ್ರಯೋಗವಿಲ್ಲದೆ ಚುರುಕಾಗಿ ತುಳಿಯಬೇಕೆಂದೂ ಅವನೇ ಹೇಳಿದ. ಧಾರವಾಡದ ಏರು ಕಲಿಸಿದ್ದಕ್ಕೆ ಇದು ಪೂರ್ತಿ ತಿರುವುಮುರುವು. ಇಂದಿಗೂ ಚಡಾವು ಕಂಡೊಡನೆ ನನ್ನ ದೇಹ ಸೀಟು ಬಿಟ್ಟು ಏಳಲು ಹವಣಿಸುತ್ತದೆ.

ಭಾನುವಾರ ಬೆಳಗಿನ ಐದೂವರೆಗೆ ಹೊರಡುತ್ತೇನೆ. ರಾಯಭಾರ ಕಚೇರಿಗಳ ಶಾಂತಿಪಥ ದಾಟಿ, ತೀನ್ ಮೂರ್ತಿಯ ವೃತ್ತ ಬಳಸಿ, ಅಕ್ಬರ್ ರಸ್ತೆಯಲ್ಲಿ ಇಂಡಿಯಾ ಗೇಟಿನವರೆಗೆ. ಅಕ್ಬರ್ ರಸ್ತೆಯ ಇಕ್ಕೆಲಗಳಲ್ಲಿರುವುದು ಹುಣಸೆ ಮರಗಳು. ಮಂತ್ರಿಗಳ ಬಂಗಲೆಗಳ ಮುಂದೆ ನಮ್ಮೂರ ಹೊಲದ ಬದುವಿನ ಮರ ನಿಂತಿದೆಯೆಂಬುದು ಇಷ್ಟು ವರ್ಷ ಕಾರಿನ ಗಾಜಿನೊಳಗಿಂದ ತಿಳಿದೇ ಇರಲಿಲ್ಲ. ದೀಪಾವಳಿಯಿಂದ ಸಂಕ್ರಾಂತಿಯವರೆಗಿನ ಹೊಗೆಮಂಜಿನಲ್ಲಿ ಮಾತ್ರ ಸೈಕಲ್ ಬಾಲ್ಕನಿಯಲ್ಲಿರುತ್ತದೆ. ಆ ಗಾಳಿಯಲ್ಲಿ ಏದುಸಿರು ಬಿಡುವುದು ಆರೋಗ್ಯದ ಹೆಸರಿನಲ್ಲಿ ಮಾಡಬಹುದಾದ ಕೆಲಸವಲ್ಲ.

ಆ ಹೊತ್ತಿಗೆ ದಾರಿಯಲ್ಲಿ ಬೇರೆ ಸೈಕಲ್ಲುಗಳೂ ಇರುತ್ತವೆ. ರಾತ್ರಿ ಪಾಳಿ ಮುಗಿಸಿದ ಕಾವಲುಗಾರರವು, ಕ್ಯಾರಿಯರಿಗೆ ಬುತ್ತಿಡಬ್ಬಿ ಕಟ್ಟಿದ ಕಪ್ಪು ಸೈಕಲ್ಲುಗಳು. ಅವರ ತಲೆಯ ಮೇಲೆ ಹೆಲ್ಮೆಟ್ ಇಲ್ಲ, ಮುಖದಲ್ಲಿ ವಿಹಾರವೂ ಇಲ್ಲ. ಒಮ್ಮೆ ಸಿಗ್ನಲಿನಲ್ಲಿ ಪಕ್ಕಕ್ಕೆ ನಿಂತವನೊಬ್ಬ ಸ್ನೇಹದಿಂದಲೇ ಕೇಳಿದ: "ಡ್ಯೂಟಿ ಕಹಾಂ ಹೈ, ಸಾಬ್?" ಹಸಿರು ದೀಪ ಬೇಗ ಬಂದದ್ದು ಒಳ್ಳೆಯದಾಯಿತು.

ಸರ್ಕಾರಕ್ಕೂ ಸೈಕಲ್ ಎಂದರೆ ಡ್ಯೂಟಿಯೇ. ಸೈಕಲ್ ಭತ್ಯೆ ಎಂಬುದೊಂದು ಇದೆ. ಏಳನೇ ವೇತನ ಆಯೋಗ ಅದನ್ನು ರದ್ದುಗೊಳಿಸಲು ಹೇಳಿತ್ತು; 2017ರಲ್ಲಿ ಸರ್ಕಾರ ಅಂಚೆಯವರಿಗೂ ರೈಲ್ವೆ ಟ್ರ್ಯಾಕ್‌ಮನ್‌ಗಳಿಗೂ ಅದನ್ನು ಉಳಿಸಿಕೊಟ್ಟು, ತಿಂಗಳಿಗೆ 90 ರೂಪಾಯಿ ಇದ್ದದ್ದನ್ನು 180 ಮಾಡಿತು. ಆ ಆದೇಶ ನನ್ನ ಮೇಜಿಗೆ ಬಂದಾಗ ನಾನು ಅದನ್ನು ಅಗತ್ಯಕ್ಕಿಂತ ಹೆಚ್ಚು ಹೊತ್ತು ಓದಿದೆ. ಅಪ್ಪ ನವಲಗುಂದದ ಕಡೆಯ ಹಳ್ಳಿಗಳಲ್ಲಿ ಅಂಚೆ ಹಂಚುತ್ತಿದ್ದವರು. ಮಳೆಗಾಲದಲ್ಲಿ ಎರೆಮಣ್ಣು ಮಡ್‌ಗಾರ್ಡಿಗೆ ಮೆತ್ತಿ ಗಾಲಿ ತಿರುಗದಾದಾಗ ಸೈಕಲ್ಲನ್ನೇ ಹೆಗಲ ಮೇಲೆ ಹೊತ್ತು ಬರುತ್ತಿದ್ದರು. ನಿವೃತ್ತಿಯ ಮರುದಿನದಿಂದ ಅವರು ಅದನ್ನು ಮುಟ್ಟಿದ್ದನ್ನು ಯಾರೂ ಕಂಡಿಲ್ಲ. ಅವರ ಮೊಣಕಾಲುಗಳ ಸ್ಥಿತಿ ಬಲ್ಲ ನಾನು, ಮೋಜಿಗಾಗಿ ಸೈಕಲ್ ಕೊಂಡ ಸಂಗತಿಯನ್ನು ಅವರಿಗೆ ಹೇಳಲು ಒಂದಷ್ಟು ತಿಂಗಳು ಹಿಂಜರಿದೆ.

ಕೊನೆಗೊಂದು ಭಾನುವಾರ, ಬೆಳಿಗ್ಗೆ ಫೋನ್ ಎತ್ತಲಿಲ್ಲವೇಕೆಂದು ಅವರೇ ಕೇಳಿದರು.

"ಸೈಕಲ್ ಹೊಡ್ಯಾಕ ಹೋಗಿದ್ದೆಪ್ಪಾ."

"ಎಲ್ಲಿಗೆ?"

"ಎಲ್ಲಿಗೂ ಇಲ್ಲ. ಸುಮ್ನ."

ಆ ಕಡೆ ಮಾತು ನಿಂತಿತು. ಬೈಗುಳಕ್ಕೆ ಸಿದ್ಧನಾದೆ.

"ಗಾಳಿ ಹೆಂಗೈತಿ ಅಲ್ಲಿ? ಎದುರಿಗೆ ಬರತೈತೇನು?"

"ಮುಂಜಾನೆ ಅಷ್ಟೇನಿಲ್ಲ."

"ಛಲೋ ಆತು," ಎಂದರು. ಇನ್ನೊಂದು ಮೌನದ ನಂತರ, ದನಿ ತಗ್ಗಿಸಿ: "ಹಳ್ಳದಾಚಿ ಊರಿಗೆ ವಾರಕ್ಕ ಒಂದೋ ಎರಡೋ ಕಾಗದ ಬರ್ತಿದ್ವು, ತಮ್ಮಾ. ಕಾಗದ ಇಲ್ಲದ ದಿನಾನೂ ನಾ ಹೋಗಿಬರ್ತಿದ್ದೆ. ಹಳ್ಳದ ತನಕಾ ಇಳಿಜಾರು ಇತ್ತು ನೋಡು, ಪೆಡಲ್ ತುಳಿಯೂದ ಬ್ಯಾಡ. ನೀ ಸರ್ಕಾರದಾಂವ ಅದಿ, ಯಾರ ಮುಂದನೂ ಹೇಳಬ್ಯಾಡ."