ಗಣನೆಯ ಧರ್ಮ

ನಳೋಪಾಖ್ಯಾನದಲ್ಲಿ ಋತುಪರ್ಣರಾಜನು ರಥದಲ್ಲಿ ಕುಳಿತೇ ತಾರೆಮರವೊಂದರ ಎಲೆಕಾಯಿಗಳ ಸಂಖ್ಯೆಯನ್ನು ಹೇಳಿದನು. ಬಾಹುಕವೇಷದ ನಳನು ಕೆಳಗಿಳಿದು ಎಣಿಸಿ ನೋಡಿದ ಹೊರತು ಒಪ್ಪಲಿಲ್ಲ. ಸ್ವಲ್ಪದಿಂದ ಸಮಸ್ತವನ್ನು ಅಳೆಯುವ ಜಾಣ್ಮೆ, ಪರೀಕ್ಷಿಸದೆ ನಂಬದ ಹಟ, ಇವೆರಡೂ ಒಬ್ಬರಲ್ಲಿಯೇ ಕೂಡುವುದು ವಿರಳ.

ಶಿವರಾಮ ಕಾರಂತರ ಪುತ್ರರಾಗಿ 1948ರಲ್ಲಿ ಜನಿಸಿದ ಉಲ್ಲಾಸ ಕಾರಂತರಲ್ಲಿ ಅವು ಕೂಡಿದವು. ಸುರತ್ಕಲ್ಲಿನಲ್ಲಿ ಯಂತ್ರಶಾಸ್ತ್ರವನ್ನೋದಿ 1971ರಲ್ಲಿ ಪದವಿ ಪಡೆದ ಅವರು, ಎಂಜಿನಿಯರ್ ವೃತ್ತಿಯನ್ನು ತೊರೆದು ಬೇಸಾಯಕ್ಕೆ ತೊಡಗಿದರು. ಮನಸ್ಸು ಮಾತ್ರ ನಾಗರಹೊಳೆಯ ಕಾಡಿನಲ್ಲಿದ್ದಿತು. ಅಲ್ಲಿ ಕಳ್ಳಬೇಟೆಗಾರರನ್ನು ಎದುರಿಸಿ ಅರಣ್ಯವನ್ನು ಕಾಯುತ್ತಿದ್ದ ವಲಯಾಧಿಕಾರಿ ಕೆ. ಎಂ. ಚಿಣ್ಣಪ್ಪನವರ ಸ್ನೇಹ ಅವರಿಗೆ ಲಭಿಸಿತು. ಕಾಯುವುದಷ್ಟೇ ಸಾಲದು, ಕಾದುದರ ಫಲವೇನೆಂಬುದನ್ನೂ ಅರಿಯಬೇಕೆಂದು ಬಗೆದು, ನಾಲ್ವತ್ತರ ಹೊಸ್ತಿಲಲ್ಲಿ ಮರಳಿ ವಿದ್ಯಾರ್ಥಿಯಾದರು. 1988ರಲ್ಲಿ ಫ್ಲಾರಿಡಾ ವಿಶ್ವವಿದ್ಯಾಲಯದಿಂದ ಸ್ನಾತಕೋತ್ತರ ಪದವಿಯೂ, 1993ರಲ್ಲಿ ಮಂಗಳೂರು ವಿಶ್ವವಿದ್ಯಾಲಯದಿಂದ ಡಾಕ್ಟರೇಟೂ ದೊರೆತವು.

ಆಗ ಹುಲಿಗಳನ್ನು ಹೆಜ್ಜೆಗುರುತಿನಿಂದ ಎಣಿಸುವುದು ವಾಡಿಕೆಯಾಗಿದ್ದಿತು. ಆದರೆ ಒಂದೇ ಹುಲಿಯ ಹೆಜ್ಜೆ ಕೆಸರಿನಲ್ಲೊಂದು ಬಗೆ, ಧೂಳಿನಲ್ಲೊಂದು ಬಗೆ. ಮೈಪಟ್ಟೆಗಳಾದರೋ ಹಾಗಲ್ಲ; ಒಂದರಂತೆ ಇನ್ನೊಂದಿಲ್ಲ. ಕಾಡುದಾರಿಯಲ್ಲಿ ತಾನಾಗಿ ಚಿತ್ರ ತೆಗೆಯುವ ಕ್ಯಾಮೆರಾಗಳನ್ನಿಟ್ಟು, ಮೊದಲು ಕಂಡ ಹುಲಿಗಳಲ್ಲಿ ಎಷ್ಟು ಮತ್ತೆ ಕಂಡವೆಂಬುದರಿಂದ ಒಟ್ಟು ಸಂಖ್ಯೆಯನ್ನು ಊಹಿಸುವ ಕ್ರಮವನ್ನು ಅವರು 1995ರಲ್ಲಿ ಪ್ರಕಟಿಸಿದರು. ಮೊದಲ ಸಲ 20 ಹುಲಿ ಕಂಡು, ಎರಡನೆಯ ಸಲ ಕಂಡ 20ರಲ್ಲಿ 10 ಹಳೆಯವೇ ಆದರೆ, ಒಟ್ಟು ಸುಮಾರು 40 ಎಂದು ತಿಳಿಯಬೇಕು.

ಈ ಲೆಕ್ಕ ಪಂಡಿತರ ವಿನೋದವಲ್ಲ. ಕಾಗದದ ಮೇಲೆ ಹುಲಿಗಳಿದ್ದ ರಾಜಸ್ಥಾನದ ಸರಿಸ್ಕದಲ್ಲಿ 2005ರಲ್ಲಿ ಹುಡುಕಿದಾಗ ಒಂದೂ ಉಳಿದಿರಲಿಲ್ಲ. ಆ ಬಳಿಕವೇ ದೇಶದ ಗಣತಿ ಹೆಜ್ಜೆಗುರುತನ್ನು ಬಿಟ್ಟು ಕ್ಯಾಮೆರಾವನ್ನು ಹಿಡಿಯಿತು. ಪ್ರೀತಿಸಿದ ವಸ್ತುವಿನ ವಿಷಯದಲ್ಲಿ ಅಪ್ರಿಯವಾದ ಸಂಖ್ಯೆಯನ್ನು ಕೇಳಲು ಧೈರ್ಯ ಬೇಕು; ಕೇಳದಿದ್ದರೆ ಪ್ರೀತಿಯೇ ಅದಕ್ಕೆ ಮೃತ್ಯುವಾದೀತು.

ಗಣಿತಸಾರಸಂಗ್ರಹವನ್ನು ರಚಿಸಿದ ಮಹಾವೀರಾಚಾರ್ಯನು ಕೊಂಡಾಡಿದ ಅಮೋಘವರ್ಷನ ರಾಜಧಾನಿ ಸೇಡಂ ಸೀಮೆಯ ಮಳಖೇಡವೇ. ಇಂದೂ ಈ ನಾಡಿನಲ್ಲಿ ಶಹಾಬಾದಿನ ಹಾಸುಗಲ್ಲಿಗೆ ಲೆಕ್ಕವುಂಟು, ವಾಡಿಯ ಸಿಮೆಂಟಿಗೆ ಲೆಕ್ಕವುಂಟು. 2011ರಲ್ಲಿ ವನ್ಯಧಾಮವೆಂದು ಘೋಷಿತವಾದ ಚಿಂಚೋಳಿಯ ಕಾಡಿನಲ್ಲಿ ತೋಳ, ಕತ್ತೆಕಿರುಬಗಳುಂಟು. ಅವುಗಳ ಜಾಡನ್ನು ಚೆನ್ನಾಗಿ ಬಲ್ಲವರು ಕಾವಲುಗಾರರೂ ಕುರಿಗಾಹಿಗಳೂ. ಅವರ ಮನೆಯ ಮಗುವಿನ ಕೈಗೆ ಲೇಖನಿಯೂ ಗಣಿತವೂ ಬಂದ ದಿನ, ಋತುಪರ್ಣನ ವಿದ್ಯೆ ಮಹಾವೀರನ ನಾಡಿಗೆ ಮರಳಿತೆಂದು ಹೇಳಬಹುದು.